ಫ್ಯಾನ್ ಬಿಟ್ಟ ಲೆಕ್ಕ

“ಕೈ ಆಡಿಸ್ರೇ ಮುಂಡೇವಾ! ಸಾಹೇಬ್ರು ಬಂದ್ರೆ ಬಾಯಿ ಬಿಟ್ಕೊಂಡು ನೋಡ್ತಾವೆ. ನಿಮಗೇನು ಗಂಡು ತೋರ್ಸೋಕೆ ಬಂದವ್ರಾ?”

ಮೇಸ್ತ್ರಿಯ ಬಾಯಿ ತೆರೆದ ಚರಂಡಿ. ಅಂಟಿನಕ್ಕ ತಲೆ ಎತ್ತಲಿಲ್ಲ. ಓಡುವ ಪಟ್ಟಿಯ ಮೇಲೆ ಬರುವ ಬೂಟಿನ ಅಟ್ಟೆಗಳಿಗೆ ಅಂಟು ಬಳಿದೂ ಬಳಿದೂ ಅವಳ ಹೆಸರೇ ಅದಾಗಿತ್ತು. ಪಕ್ಕದಲ್ಲಿ ಅವಳ ನಾದಿನಿ, ತುಂಬು ಐದು ತಿಂಗಳ ಬಸುರಿ. ಹಿಂದೆ ಎರಡು ಹೊಟ್ಟೆಯಲ್ಲೇ ಹೋಗಿದ್ದವು. ಇದೊಂದಾದರೂ ನಿಲ್ಲಲಿ ಎಂದು ಅಂಟಿನಕ್ಕ ಅವಳನ್ನು ಬಾಗಿಲ ಪಕ್ಕ ಕೂರಿಸಿಕೊಂಡಿದ್ದಳು. ಆಚೆ ಗೋಡೆಯ ದೊಡ್ಡ ಫ್ಯಾನ್ ಅಂಟಿನ ಘಾಟನ್ನು ಹೊರಗೆಳೆಯುವಾಗ ಬಾಗಿಲಿಂದ ಒಳ್ಳೆಯ ಗಾಳಿ ನುಗ್ಗುತ್ತಿತ್ತು. ಧೂಳು ಕೂತರೆ ಅಂಟು ಹಿಡಿಯುವುದಿಲ್ಲವೆಂದು ಕಿಟಕಿಗಳಿಗೆಲ್ಲ ಮೊಳೆ ಹೊಡೆದಿದ್ದರು.

ಚಾವಣಿಯ ಮೇಲೆ ಸೋಲಾರ್ ಕೂತಾಗಿತ್ತು, ಮೆಟ್ಟಿಲ ಕೆಳಗೆ ಬ್ಯಾಟರಿಗಳೂ ಬಂದಿದ್ದವು. ಮೋಡ ಮುಸುಕಿ, ಕರೆಂಟೂ ಹೋಗಿ, ಬ್ಯಾಟರಿಯೂ ಕೈಕೊಟ್ಟರೆ ಡೀಸೆಲ್ ಜನರೇಟರ್ ಬೇಕು. ಎಷ್ಟು ದೊಡ್ಡದು ಬೇಕೆಂದು ನೋಡಲು ಇಂಜಿನಿಯರ್ ಬಂದಿದ್ದ.

“ಏನೇನು ನಿಲ್ಲಬಾರದು ಹೇಳಿ ಸಾರ್.”

“ಪಟ್ಟಿ ನಿಲ್ಲಬಾರದು,” ಎಂದ ಮಾಲೀಕ. “ಒತ್ತೋ ಮಷಿನ್ನು, ಕ್ಯಾಮೆರಾ, ನನ್ನ ರೂಮಿನ ಏಸಿ. ಆಮೇಲೆ ಮೀನಿನ ತೊಟ್ಟಿ. ಗಾಳಿ ಹೋಗದಿದ್ರೆ ಪಾಪ, ಸತ್ತೇ ಹೋಗ್ತವೆ.”

ಇಂಜಿನಿಯರ್ ಗೋಡೆಯತ್ತ ಕೈ ತೋರಿಸಿದ. “ಈ ಫ್ಯಾನೇ ತಲೆನೋವು. ಶುರುವಾಗೋವಾಗ ಒಂದೇ ಸಲಕ್ಕೆ ಐದಾರು ಪಟ್ಟು ಕರೆಂಟ್ ಎಳೆಯುತ್ತೆ. ಇದನ್ನ ಸೇರಿಸಿದ್ರೆ ದೊಡ್ಡ ಜನರೇಟರೇ ಬೇಕು. ಬಿಟ್ರೆ ಸಣ್ಣದು ಸಾಕು.”

“ಬಿಡಿ ಮತ್ತೆ.”

ಅಂಟಿನಕ್ಕನಿಗೆ ತಡೆಯಲಾಗಲಿಲ್ಲ. “ಸ್ವಾಮಿ, ಮೀನಿಗೆ ಬೇಕಾದ ಗಾಳಿ ನಮಗೆ ಬೇಡ್ವಾ? ಬಸುರಿ ಹೆಂಗಸು ಕೂತವ್ಳೆ ಇಲ್ಲಿ.”

“ಬಸುರಾಗೋವಾಗ ನನ್ನ ಕೇಳಿದ್ಲಾ?” ಮಾಲೀಕ ನಕ್ಕ. “ಮೀನು ದುಡ್ಡು ಕೊಟ್ಟು ತಂದಿದ್ದು ಕಣಮ್ಮ. ನೀವು ಬೇಡ ಅಂದ್ರೂ ಬರ್ತೀರ.”

ಮೇಸ್ತ್ರಿ ಬಿದ್ದು ಬಿದ್ದು ನಕ್ಕ. ಇಂಜಿನಿಯರ್ ನಗಲಿಲ್ಲ, ಆದರೆ ಸಣ್ಣದನ್ನೇ ಬರೆದುಕೊಂಡ.

ಆ ಸಣ್ಣ ಜನರೇಟರ್ ಬಂದಾಗ ಅಂಗಳದಲ್ಲಿ, ಬಾಗಿಲ ಪಕ್ಕದಲ್ಲೇ, ಗೂಡಿಲ್ಲದೆ ಬೆತ್ತಲೆ ಕೂರಿಸಿದರು. ಪರೀಕ್ಷೆಗೆಂದು ಕರೆಂಟು, ಬ್ಯಾಟರಿ ಎರಡನ್ನೂ ಕಡಿದರು. ಜನರೇಟರ್ ಗುಡುಗಿತು, ಪಟ್ಟಿ ಓಡಿತು. ಗೋಡೆಯ ಫ್ಯಾನ್ ಮಾತ್ರ ನಿಧಾನಕ್ಕೆ ಸುತ್ತಿ ನಿಂತಿತು.

“ಪೂರ್ತಿ ಲೋಡಿನಲ್ಲಿ ಓಡ್ಬೇಕು,” ಎಂದು ಇಂಜಿನಿಯರ್ ಹೊರಗಿನಿಂದ ಕೂಗಿದ. “ಯಾರೂ ಏಳ್ಬೇಡಿ.”

ಘಾಟು ಗಂಟಲಿಗಿಳಿಯಿತು. ಬಾಗಿಲಿಂದ ಒಳ್ಳೆಯ ಗಾಳಿಯ ಬದಲು ಡೀಸೆಲ್ ಹೊಗೆ ಬಂತು. ಒಬ್ಬೊಬ್ಬರಾಗಿ ಎಲ್ಲರೂ ಕೆಮ್ಮತೊಡಗಿದರು.

“ಅತ್ತಿಗೆ, ಕಣ್ಣು ಕತ್ಲೆ ಬರ್ತಿದೆ.”

“ಏಳು, ಆಚೆ ನಡಿ.”

ಮೇಸ್ತ್ರಿ ಬಾಗಿಲಿಗೆ ಅಡ್ಡ ನಿಂತ. “ಕೂತ್ಕೊಳ್ಳೇ ಬೋಸುಡಿ! ಟೆಸ್ಟ್ ಕೆಟ್ರೆ ನಿನ್ನ ಗಂಡ ಬಂದು ಕಟ್ತಾನಾ?”

ನಾದಿನಿ ಕೂರಲಿಲ್ಲ, ಕುಸಿದಳು. ಪಟ್ಟಿಯ ಮೇಲೆ ಬಿದ್ದವಳನ್ನು ಅದು ಅಟ್ಟೆಗಳ ಜೊತೆಗೇ ಒತ್ತುವ ಮಷಿನ್ನಿನ ಕಡೆಗೆ ಎಳೆದುಕೊಂಡು ಹೊರಟಿತು. ಅಂಟಿನಕ್ಕ ಹಾರಿ ಕೆಂಪು ಗುಂಡಿ ಗುದ್ದಿದಳು. ಪಟ್ಟಿ ನಿಂತಿತು.

“ಲೋಡ್ ಯಾಕೆ ಬಿತ್ತು?” ಇಂಜಿನಿಯರ್ ಓಡಿ ಬಂದ.

“ಬಿದ್ದಿರೋ ಲೋಡು ಇಲ್ಲಿದೆ, ನೋಡು. ದಾರಿ ಬಿಡ್ರೋ ಸೂಳೆಮಕ್ಕಳಾ!” ಎಂದಳು ಅಂಟಿನಕ್ಕ.

ಹೆಂಗಸರು ಮೇಸ್ತ್ರಿಯನ್ನು ತಳ್ಳಿ, ನಾದಿನಿಯನ್ನು ಹೊತ್ತು ಅಂಗಳದ ಆಚೆ ತುದಿಯಲ್ಲಿ ಮಲಗಿಸಿದರು. ನೀರು ಚಿಮುಕಿಸಿದಾಗ ಕಣ್ಣು ಬಿಟ್ಟಳು. ಕೈ ನೇರ ಹೊಟ್ಟೆಗೆ ಹೋಯಿತು.

“ಅತ್ತಿಗೆ... ಅಲ್ಲಾಡ್ತಿಲ್ಲ.”

ಅಂಟಿನಕ್ಕ ಪಕ್ಕದಲ್ಲೇ ಮಂಡಿಯೂರಿದಳು. ತಾನೂ ಕೈಯಿಟ್ಟು ನೋಡಿದಳು. ಜನರೇಟರಿನ ಅದುರಿಗೆ ನೆಲವೇ ನಡುಗುತ್ತಿತ್ತು, ಒಳಗಿನದು ತಿಳಿಯುವುದು ಹೇಗೆ?

ಮೇಲಿನಿಂದ ಮಾಲೀಕ ಕೂಗಿದ: “ಏನು ಜಾತ್ರೆ ಅಲ್ಲಿ? ಅವಳೊಬ್ಬಳನ್ನ ಬಿಟ್ಟು ಎಲ್ಲಾ ಒಳಗೆ ನಡೀರಿ. ಟೆಸ್ಟ್ ಮೊದಲಿಂದ ಮಾಡಿ.”

ಅಂಟಿನಕ್ಕ ಎದ್ದು ಜನರೇಟರಿನ ಹತ್ತಿರ ಹೋದಳು. ಅದರ ಪಕ್ಕೆಯಲ್ಲೊಂದು ದುಂಡನೆಯ ಬಾಯಿ ಅವಳ ಸೆರಗಿನ ತುದಿಯನ್ನು ಒಳಕ್ಕೆಳೆಯಿತು. ಅವಳು ಸೆರಗು ಕಿತ್ತುಕೊಂಡಳು. ಗೋಡೆಗೊರಗಿಸಿದ್ದ ಅಟ್ಟೆಯ ರಬ್ಬರ್ ಹಾಳೆಯೊಂದನ್ನು ಎತ್ತಿಕೊಂಡಳು.

“ಏಯ್, ಮುಚ್ಚಬೇಡ!” ಇಂಜಿನಿಯರ್ ಕಿರುಚಿದ. “ಅದಕ್ಕೆ ಗಾಳಿ ಬೇಕು!”

“ಹೌದಾ?” ಎಂದಳು ಅಂಟಿನಕ್ಕ. ಹಾಳೆಯನ್ನು ಆ ಬಾಯಿಗೆ ಇಟ್ಟು ಎರಡೂ ಕೈಯಲ್ಲಿ ಒತ್ತಿದಳು.

ಅದು ಕೆಮ್ಮಿತು, ಒದ್ದಾಡಿತು, ಕಪ್ಪಗೆ ಕಾರಿ ನಿಂತಿತು. ನೆಲದ ನಡುಕವೂ ಅಡಗಿತು. ಆ ನಿಶ್ಶಬ್ದದಲ್ಲಿ ನಾದಿನಿ ಹೊಟ್ಟೆಯ ಮೇಲೆ ಎರಡೂ ಕೈಯಿಟ್ಟು ಕಾಯುತ್ತಿದ್ದಳು.