ಝಟಕಾ ಅಂದರೆ ಯಾವ ಝಟಕಾ?

ನಮ್ಮ ಕಡೆಯವರಿಗೆ ಗಡಿಯಾಚೆ ಮಹಾರಾಷ್ಟ್ರದ ಮಿರಜಿಗೆ ಹೋಗಿ ಬರುವುದೆಂದರೆ ಓಣಿ ದಾಟಿದಷ್ಟು ಸಲೀಸು. ಹೆಲ್ಮೆಟ್ ಗೂಟದಲ್ಲೇ ಇರುತ್ತದೆ. ಕಾಗವಾಡದ ದ್ರಾಕ್ಷಿ ಬೆಳೆಗಾರ ರಾವಸಾಹೇಬನದೂ ಅಲ್ಲೇ ಇತ್ತು. ಬೈಕು ತಿರುವಿನಲ್ಲಿ ಜಾರಿತು. ತಲೆಬುರುಡೆ ಸೀಳಿ, ಮಿದುಳಿನಲ್ಲಿ ರಕ್ತ ಕಟ್ಟಿತು.

ನಾಲ್ಕು ದಿನ ಮಿರಜಿನ ಆಸ್ಪತ್ರೆಯಲ್ಲಿಟ್ಟುಕೊಂಡು, ಐದನೆಯ ದಿನ ಮನೆಗೆ ಕಳಿಸಿದರು. ಡಾಕ್ಟರು ಅವನ ಹೆಂಡತಿ ನೀಲಮಳ ಕೈಗೆ ಗುಳಿಗೆ ಕೊಟ್ಟು, ಝಟಕಾ ಬರಬಾರದೆಂದು ಇವು, ತಪ್ಪಿಸಬೇಡಿ ಎಂದು ಮರಾಠಿಯಲ್ಲಿ ಹೇಳಿದರು. ನೀಲಮ ಕನ್ನಡವೇ ಆಡುವ ಚಿಂಚಲಿಯಿಂದ ಬಂದ ಸೊಸೆ. ಮರಾಠಿ ಅರ್ಧ ತಿಳಿಯುತ್ತದೆ, ಉಳಿದರ್ಧಕ್ಕೆ ತಲೆಯಾಡಿಸುತ್ತಾಳೆ.

ಮರುದಿನ ಮುಂಜಾನೆ ಆಶಾ ಕಾರ್ಯಕರ್ತೆ ಸಾರಿಕಾ ಬಂದಳು. ಗೋಡೆಯ ಮಾಡದಲ್ಲಿದ್ದ ಗುಳಿಗೆಗಳಲ್ಲಿ ಒಂದು ಮಾತ್ರ ಖರ್ಚಾಗಿತ್ತು.

"ನೀಲಮಾ, ಯಾಕ ಕೊಟ್ಟಿಲ್ಲ?"

"ನಿನ್ನೆ ಗಾಡಿ ಹತ್ತೂಮುಂದ ಕೊಟ್ಟೇನಕ್ಕಾ. ಮನೀ ಮುಟ್ಟೇವಲ್ಲ, ಇನ್ಯಾಕ?"

"ಮನೀ ಮುಟ್ಟೂದಕ್ಕೂ ಗುಳಿಗಿಗೂ ಏನ ಸಂಬಂಧ?"

"ಗಾಡ್ಯಾಗ ಝಟಕಾ ಬಡೀಬಾರದಂತ ಕೊಟ್ಟಿದ್ದಲ್ಲೇನು? ರೋಡ ನೋಡೀಯೇನಕ್ಕಾ, ಬರೇ ತಗ್ಗ!"

ಸಾರಿಕಾಗೆ ನಗು ಬರಲಿಲ್ಲ. "ಏ ಹುಚ್ಚಿ, ಈ ಝಟಕಾ ಅಂದ್ರ ಫಿಟ್ಸು. ತಲೀಗೆ ಪೆಟ್ಟ ಬಿದ್ದ ಮೊದಲನೇ ವಾರದಾಗ ಬರ್ತಾವು. ಬಂದ್ರ ಗಾಯಾದ ಮಿದುಳಿಗೆ ಮತ್ತೊಂದು ಪೆಟ್ಟು."

ಅತ್ತೆ ಸತ್ತೆವ್ವ ಸಿಡಿದಳು. "ನನ್ನ ಮಗಗ ಎಂದೂ ಫಿಟ್ಸ್ ಬಂದಿಲ್ಲ. ಬರದ ರೋಗಕ್ಕ ಗುಳಿಗಿ ನುಂಗಸ್ತೀರಿ? ನಾಕ ಮಂದಿ ಕೇಳಿದ್ರ ಏನಂದಾರು?"

"ಆಯಿ, ದ್ರಾಕ್ಷಿಗೆ ನೀವು ಎಲಿ ಕೆಟ್ಟ ಮ್ಯಾಲ ಔಷಧ ಹೊಡೀತೀರೋ, ಮೋಡ ಕವದ ಕೂಡ್ಲೇ ಹೊಡೀತೀರೋ?"

"ಮೋಡ ಕವದ ಕೂಡ್ಲೇ. ಕೆಟ್ಟ ಮ್ಯಾಲ ಹೊಡದು ಏನ ಮಾಡೂದೈತಿ?"

"ನಿಮ್ಮ ಮಗನ ತಲ್ಯಾಗ ಈಗ ಮೋಡ ಕವದೈತ್ರಿ."

ಸತ್ತೆವ್ವ ಮಾಡದಿಂದ ಗುಳಿಗೆ ತೆಗೆದಳು. ನೀಲಮ ನೀರು ತರಲು ಓಡಿದಳು.

ಅವಳು ತಂಬಿಗೆ ಹಿಡಿದು ಬರುವಷ್ಟರಲ್ಲಿ ಹಾಸಿಗೆಯಲ್ಲಿ ಮಲಗಿದ್ದ ರಾವಸಾಹೇಬನ ಎಡಗೈ ಬಡಿದುಕೊಳ್ಳತೊಡಗಿತು. ಕಣ್ಣು ಮೇಲಾದವು. ಮೈಯೆಲ್ಲ ಸೆಟೆದು ಅದುರಿತು.

ಸತ್ತೆವ್ವ ಕಬ್ಬಿಣದ ಕೀಲಿಕೈ ಹುಡುಕಿದಳು. ನೀಲಮ ಬಾಯಿಗೆ ನೀರು ಹಾಕಲು ಬಗ್ಗಿದಳು.

"ಬ್ಯಾಡ! ಬಾಯಾಗ ಏನೂ ಹಾಕಬ್ಯಾಡ್ರಿ, ಒತ್ತಿ ಹಿಡೀಬ್ಯಾಡ್ರಿ!" ಎಂದ ಸಾರಿಕಾ ಅವನನ್ನು ಮೆಲ್ಲಗೆ ಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ಮೆತ್ತನೆಯ ಬಟ್ಟೆ ಕೊಟ್ಟು, 108ಕ್ಕೆ ಫೋನು ಮಾಡಿದಳು. ಎರಡು ನಿಮಿಷಕ್ಕೆ ಅದುರು ನಿಂತಿತು. ಸತ್ತೆವ್ವನಿಗೆ ಅದು ಒಂದು ದಿನದಷ್ಟು ಉದ್ದವಾಗಿತ್ತು.

ಆಸ್ಪತ್ರೆಯಲ್ಲಿ ಮತ್ತೆ ಸ್ಕ್ಯಾನ್ ಮಾಡಿದರು. ಹೊಸ ರಕ್ತಸ್ರಾವ ಇರಲಿಲ್ಲ. ಈ ಸಲ ಕನ್ನಡ ಬಲ್ಲ ಡಾಕ್ಟರು ಸಿಕ್ಕರು.

"ನಾ ಗುಳಿಗಿ ತಪ್ಪಿಸಿದ್ದಕ್ಕ ಹಿಂಗಾತೇನ್ರಿ?" ನೀಲಮ ಕೇಳಿದಳು.

"ಅದಕ್ಕೇ ಆತು ಅಂತ ಹೇಳಾಕ ಬರೂದಿಲ್ಲವ್ವಾ. ತಗೊಂಡವರಿಗೂ ಒಮ್ಮೊಮ್ಮೆ ಬರ್ತಾವ. ಆದ್ರ ತಗೊಂಡಿದ್ರ ಬರೂ ಸಂಭವ ಕಮ್ಮಿ ಇತ್ತು. ಏಳು ದಿನಕ್ಕ ನಿಲ್ಲಸೂದಿತ್ತು, ಈಗ ಇನ್ನೂ ಮುಂದುವರಸಬೇಕು."

"ಹಂಗಾದ್ರ ಜನ್ಮಪೂರ್ತಿ ಕೊಡ್ರಿ ಸಾಹೇಬ್ರ," ಎಂದಳು ಸತ್ತೆವ್ವ. "ಎಂದೂ ಮೂರ್ಛೆರೋಗ ಬರಬಾರದು."

"ಆಯಿ, ಇವು ತಡೆಯೂದು ಮೊದಲ ವಾರದ ಫಿಟ್ಸ್. ತಿಂಗಳು, ವರ್ಷ ಬಿಟ್ಟು ಬರೂ ಮೂರ್ಛೆರೋಗ ಬರದಂಗ ತಡೆಯೂ ಗುಳಿಗಿ ಇನ್ನೂ ಯಾರ ಕಡೆನೂ ಇಲ್ಲ. ಬಂದ್ರ ಅದಕ್ಕ ಔಷಧ ಐತಿ. ಸುಮ್ಮನ ನುಂಗಿದ್ರ ತಲಿ ತಿರಗೂದು, ಸಿಟ್ಟು ಬರೂದು, ಇಂಥ ತ್ರಾಸ ಆಗ್ತಾವ."

ಸತ್ತೆವ್ವ ಅಂದಳು: "ಹೌದ್ರಿ. ಕಟಾವ ಹತ್ರ ಬಂದ್ರ ನಾವೂ ಔಷಧ ಹೊಡ್ಯೂದು ನಿಲ್ಲಸ್ತೇವಿ. ಯಾವಾಗ ನಿಲ್ಲಸೂದಂತ ನೀವ ಹೇಳ್ರಿ."

ರಾವಸಾಹೇಬ ಈಗ ಚಪ್ಪರದ ನೆರಳಿನಲ್ಲಿ ಕೂತು ಕೆಲಸ ಹೇಳುತ್ತಾನೆ. ಬೈಕಿನ ಕೀಲಿ ಸತ್ತೆವ್ವನ ಸೆರಗಿನ ಗಂಟಿನಲ್ಲಿದೆ. ತಪಾಸಣೆಗೆ ಹೋದಾಗ ಯಾರಾದರೂ ಮರಾಠಿಯಲ್ಲಿ ಶುರು ಮಾಡಿದರೆ ನೀಲಮ ಕೈ ಎತ್ತುತ್ತಾಳೆ: "ಸಾಹೇಬ್ರ, ಕನ್ನಡದಾಗ ಹೇಳ್ರಿ. ತಿಳಿದ ಮ್ಯಾಲ ಮನೀಗೆ ಹೋಗ್ತೇನಿ."

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಗೂಟದಲ್ಲಿರುವ ಹೆಲ್ಮೆಟ್ಟು ತಲೆಗೆ ಬರಲಿ. ತಲೆಗೆ ಪೆಟ್ಟು ಬಿದ್ದವರಿಗೆ ಡಾಕ್ಟರು ಗುಳಿಗೆ ಕೊಟ್ಟರೆ, ಹೇಳಿದಷ್ಟು ದಿನ ಒಂದೂ ತಪ್ಪದೆ ಕೊಡಿ. ನೀವಾಗಿಯೇ ನಿಲ್ಲಿಸಬೇಡಿ, ನೀವಾಗಿಯೇ ಮುಂದುವರಿಸಲೂಬೇಡಿ. ಎಷ್ಟೋ ತಿಂಗಳ ಮೇಲೆ ಕೈಕಾಲು ಅದುರಿದರೂ ಮುಚ್ಚಿಡದೆ ಆಸ್ಪತ್ರೆಗೆ ಬನ್ನಿ. ಮತ್ತು ತಿಳಿಯದ ಮಾತಿಗೆ ತಲೆಯಾಡಿಸಬೇಡಿ. ಝಟಕಾ ಅಂದ್ರ ಯಾವ ಝಟಕಾ ಅಂತ ನೀಲಮ ಆ ದಿನ ಒಂದು ಮಾತು ಕೇಳಲಿಲ್ಲ. ನೀವು ಕೇಳಿ.