ಹೊಗೆ ನುಂಗುವ ರೈಫಲ್ಲು

ಭುಜದ ಆಪರೇಷನ್ ಆದಮೇಲೆ ವರ್ಲಿಗೆ ಅಪ್ಪನ ಹಳೇ ರೈಫಲ್ಲಿನ ಒದೆತ ನೆನೆದರೇ ನೋವಾಗುತ್ತಿತ್ತು. ಆದರೆ ಟೆನ್ನೆಸ್ಸೀ ಗುಡ್ಡದ ಅವರ ಬೇಟೆ ಬಿಡಾರದಲ್ಲೊಂದು ಕಟ್ಟಳೆ: ಹಂಗಾಮಿನಲ್ಲಿ ಜಿಂಕೆಗೆ ಒಂದು ಗುಂಡೂ ಹಾರಿಸದವರ ಅಟ್ಟಣೆ ಬೇರೆಯವರ ಪಾಲು. ಓಕ್ ಮರದ ಮೇಲಿನ ಆ ಅಟ್ಟಣೆ ಅಪ್ಪ ಕಟ್ಟಿದ್ದು. ಅದು ಕೈಬಿಟ್ಟರೆ ಅಪ್ಪ ಎರಡನೇ ಸಲ ಸತ್ತಂತೆಯೇ ಸರಿ.

ಹಾಗಾಗಿ ಅರವತ್ತರ ಹೆಂಗಸು ವರ್ಲಿ ಅಣ್ಣ ಹೋಬರ್ಟ್‌ನ ಜೊತೆ ಬಂದೂಕಿನ ಅಂಗಡಿಗೆ ಬಂದಿದ್ದಳು. ತಾನೇ ಗುಂಡು ತುಂಬಿಕೊಳ್ಳುವ, ಮೆತ್ತಗೆ ಒದೆಯುವ ರೈಫಲ್ಲು ಬೇಕಿತ್ತು. ಎದುರಿಗೆ ಎರಡಿದ್ದವು, ಎರಡೂ ಗುಂಡಿನ ಹೊಗೆಯ ಬಲದಿಂದ ನಡೆಯುವಂಥವು. ಒಂದರಲ್ಲಿ ಹೊಗೆ ಪಿಸ್ಟನ್ನನ್ನು ತಳ್ಳಿ ಆಚೆ ಹೋಗುತ್ತದೆ. ಒಳಗೆ ಚೊಕ್ಕಟ, ಮೂತಿ ಮಾತ್ರ ಭಾರ. ಇನ್ನೊಂದರಲ್ಲಿ ಹೊಗೆ ಕೊಳವೆಯಲ್ಲಿ ಸೀದಾ, ಹಿಂದೆ ಮುಂದೆ ಸರಿದು ಗುಂಡು ತುಂಬುವ ಬೋಲ್ಟಿನೊಳಗೇ ಬರುತ್ತದೆ. ಹಗುರ, ಆದರೆ ಮೈತುಂಬ ಮಸಿ.

"ಪಿಸ್ಟನ್ನೇ ತಗೊಳ್ಳೇ," ಎಂದ ಹೋಬರ್ಟ್. "ಇನ್ನೊಂದು ಉಂಡ ಮನೇಗೇ ಮಸಿ ಬಳಿಯೋ ಜಾತಿ."

ವರ್ಲಿ ಹಗುರವಾದದ್ದನ್ನು ಭುಜಕ್ಕಿಟ್ಟು ಕಣ್ಣು ಮುಚ್ಚಿದಳು. ಅಂಗಡಿಯ ಗಲಾಟೆ ದೂರವಾಯಿತು. ಕಣಿವೆಯಿಂದ ಮಂಜು ಮೇಲೇರಿತು. ಎಲ್ಲೋ ಓಕ್ ಕಾಯೊಂದು ತರಗೆಲೆಯ ಮೇಲೆ ಬಿತ್ತು, ಅಪ್ಪನ ತಂಬಾಕಿನ ವಾಸನೆ ತೇಲಿ ಬಂತು. ಎಷ್ಟು ಹೊತ್ತು ಹಾಗೆ ನಿಂತಿದ್ದಳೋ, ತೋಳು ನಡುಗಲಿಲ್ಲ.

"ನಿದ್ದೆ ಹೋದ್ಯಾ?"

"ಇದೇ ಇರ್ಲಿ ಅಣ್ಣಾ."

ಹೊಸ ರೈಫಲ್ಲಿನ ಗುರಿ ಸರಿಹೊಂದಿಸಲೆಂದು ಹೋಬರ್ಟನೇ ನಲವತ್ತು ಗುಂಡು ಹಾರಿಸಿಕೊಟ್ಟ, ಒಳಗೆಲ್ಲ ಮಸಿ ಕೂತಿತು. ಬೇಟೆಯ ಹಿಂದಿನ ಸಂಜೆ ವರ್ಲಿ ಅಪ್ಪ ಕಲಿಸಿದಂತೆ ಬೋಲ್ಟಿನ ಎಣ್ಣೆಯನ್ನೆಲ್ಲ ಒರೆಸಿ ತೆಗೆದಳು. ಹಿಮಕ್ಕೆ ಎಣ್ಣೆ ಗಟ್ಟಿಯಾಗುತ್ತದಲ್ಲ. ಹಳೇ ರೈಫಲ್ಲಿಗೆ ಅದು ಸರಿ. ಮಸಿ ತಿನ್ನುವ ಈ ಪ್ರಾಣಿಗೆ ಎಣ್ಣೆಯೇ ಉಸಿರು.

ಬೆಳಗಿನ ಮಂಜಿನಲ್ಲಿ ಗಂಡು ಜಿಂಕೆ ಕನಸು ಬಂದಂತೆ ಬಂತು. ಗುಂಡು ಹಾರಿತು. ಭುಜವನ್ನು ಯಾರೋ ಅಂಗೈಯಿಂದ ತಟ್ಟಿದಂತಾಯಿತು, ಅಷ್ಟೇ. ಗುರಿ ತಪ್ಪಿತ್ತು. ಜಿಂಕೆ ನಿಂತು ನೋಡಿತು. ಎರಡನೇ ಗುಂಡಿಗೆ ಬೋಲ್ಟು ಒಣ ಮಸಿಯಲ್ಲಿ ಅರ್ಧಕ್ಕೇ ಸಿಕ್ಕಿಕೊಂಡಿತು. ಜಿಂಕೆ ಅವಸರವಿಲ್ಲದೆ ಮಂಜಿನೊಳಗೆ ನಡೆದು ಹೋಯಿತು.

ಗುರಿ ತಪ್ಪಿದವರ ಅಂಗಿಯ ತುದಿ ಕತ್ತರಿಸಿ ಬಿಡಾರದ ಗೋಡೆಗೆ ಮೊಳೆ ಹೊಡೆದು ತೂಗುಹಾಕುವುದು ಅಲ್ಲಿಯ ಪದ್ಧತಿ. ಮಧ್ಯಾಹ್ನ ಹೋಬರ್ಟ್ ಕತ್ತರಿ ಆಡಿಸುತ್ತ ಬಂದ.

"ಎಣ್ಣೆ ಒರ್ಸಿದ್ಯಾ? ಅಯ್ಯೋ ನಿನ್ ಬುದ್ಧಿಗಿಷ್ಟು! ತಿರುಗು, ಮಾನ ಕಳೀತೀನಿ."

"ಅಗಲವಾಗಿ ಕತ್ತರ್ಸು," ಎಂದಳು ವರ್ಲಿ, ಬೆನ್ನು ತಿರುಗಿಸಿ. "ತಪ್ಪಿದ್ರೂ ಗುಂಡು ಗುಂಡೇ ತಾನೆ?"

ಕತ್ತರಿ ನಿಂತಿತು. ಹೋಬರ್ಟ್ ಮೂಗೊರೆಸಿಕೊಂಡ.

"ಅಟ್ಟಣೆ ನಿಂದೇ ಕಣೇ," ಎಂದ.

ವರ್ಲಿ ಬಿಡಾರದವರೆಲ್ಲರ ಎದುರಿಗೇ ಗೊಳೋ ಎಂದು ಅತ್ತಳು.