ದೇವರ ಚಿತ್ತ ಇನ್ನೂ ತಿಳಿದಿಲ್ಲ

ನಮ್ಮ ಯಜಮಾನರು ದೇವರನ್ನು ಕೇಳದೆ ಒಂದು ಹೆಜ್ಜೆ ಇಡುವವರಲ್ಲ. ಹೊಸ ಚಪ್ಪಲಿ ಕೊಳ್ಳಬೇಕಾದರೂ ಮೊಣಕಾಲೂರುತ್ತಾರೆ. ಪ್ರಾರ್ಥಿಸಿದ ಮೇಲೆ ಮನಸ್ಸಿಗೆ ಸಮಾಧಾನವಾದರೆ ಅದು ದೇವರ ಚಿತ್ತ, ಕಸಿವಿಸಿಯಾದರೆ ಸೈತಾನನ ಕಾಟ. ತಮಗೆ ಬೇಕಾದದ್ದಕ್ಕೆಲ್ಲ ಅವರಿಗೆ ಇದುವರೆಗೂ ಸಮಾಧಾನ ಸಿಕ್ಕಿದೆ. ನನ್ನ ತಂಗಿ ನಾಲ್ಕು ದಿನ ಇದ್ದು ಹೋಗುತ್ತೇನೆ ಎಂದಾಗ ಮಾತ್ರ ಸಿಗಲಿಲ್ಲ.

ಅವರು ದೊಡ್ಡ ಲಾಂಡ್ರಿಯೊಂದರಲ್ಲಿ ಮೇಲ್ವಿಚಾರಕರು. ಕಳೆದ ವಾರ ಹಾಡಿನ ಅಭ್ಯಾಸಕ್ಕೆ ಹೊತ್ತಾಯಿತೆಂದು, ಹೋಟೆಲಿನವರ ಉಣ್ಣೆ ಕಂಬಳಿಗಳು ಬೇಗ ಒಣಗಲಿ ಅಂತ ಡ್ರೈಯರ್‌ನ ಬಿಸಿಯನ್ನು ಪೂರ್ತಿ ಏರಿಸಿ ಬಂದರು. ಇವರು ಚರ್ಚಿನಲ್ಲಿ ಸ್ವರ ಏರಿಸುತ್ತಿದ್ದಾಗ ಅಲ್ಲಿ ಕಂಬಳಿಗಳು ಕುಗ್ಗಿ ತೊಟ್ಟಿಲಿಗೆ ಹಾಸುವಷ್ಟಾದವು. ಅವನ್ನು ಹೊರತೆಗೆದವಳು ಇಸ್ತ್ರಿ ಮಾಡುವ ಹೆಂಗಸು. ಕಂಬಳಿ ಅವಳ ಕೈಯಲ್ಲಿತ್ತು, ಮಾಲೀಕರಿಗೆ ಅಷ್ಟು ಸಾಕಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಸೋಮವಾರದಿಂದ ಬರಬೇಡ ಎಂದುಬಿಟ್ಟರು. ಗಂಡನಿಲ್ಲದ, ಎರಡು ಮಕ್ಕಳ ತಾಯಿ ಅವಳು.

ಯಜಮಾನರು ಮನೆಗೆ ಬಂದು ಇದನ್ನೆಲ್ಲ ನನಗೆ ಹೇಳಿದರು.

"ಮಾಲೀಕರಿಗೆ ನಿಜ ಹೇಳಿದ್ರಾ?" ಎಂದೆ.

"ದೇವರ ಚಿತ್ತ ಏನು ಅಂತ ಇನ್ನೂ ತಿಳಿದಿಲ್ಲ ಕಣೇ. ಕಾಯ್ತಾ ಇದ್ದೀನಿ."

"ಅಂಗೈ ಹುಣ್ಣಿಗೆ ಕನ್ನಡಿ ಬೇಕೇನ್ರೀ?"

"ಆತ್ಮಿಕ ವಿಷಯ ನಿನಗೆ ಅರ್ಥ ಆಗಲ್ಲ ಬಿಡು."

ಉಪವಾಸ ಹಿಡಿದರು. ಕಾಫಿ, ಬಿಸ್ಕತ್ತು ಉಪವಾಸಕ್ಕೆ ಅಡ್ಡ ಬರುವುದಿಲ್ಲವಂತೆ. ದೇವರ ವಾಕ್ಯ ತೆರೆದರೆ, ಸುಳ್ಳು ಸಾಕ್ಷಿ ಹೇಳಬಾರದೆಂದು ಬಂತು. "ನಾನೆಲ್ಲಿ ಹೇಳಿದೆ? ಸುಮ್ಮನಿದ್ದೀನಿ ಅಷ್ಟೆ" ಎಂದು ಪುಟ ತಿರುಗಿಸಿದರು. ನಮ್ಮ ಒಲೆ ಉರಿಯುವುದೂ ಅದೇ ಸಂಬಳದಿಂದ ಎಂದು ನಾನೂ ಬಾಯಿ ಮುಚ್ಚಿಕೊಂಡಿದ್ದೆ. ನನಗೆ ನನ್ನ ಮೇಲೇ ಅಸಹ್ಯವಾಗುತ್ತಿತ್ತು.

ಭಾನುವಾರ ಸಂಜೆ ನಮ್ಮ ಮನೆಯಲ್ಲೇ ಪ್ರಾರ್ಥನಾ ಕೂಟ. ಇಸ್ತ್ರಿಯವಳೂ ನಮ್ಮ ಚರ್ಚಿನವಳೇ, ಅವಳೂ ಬಂದಳು. ಅಷ್ಟು ಜನರ ನಡುವೆ ಕೂತು ಕಣ್ಣೊರೆಸಿಕೊಳ್ಳುತ್ತ, "ಅಣ್ಣಾ, ನನ್ನ ಕೆಲಸಕ್ಕೋಸ್ಕರ ನೀವೇ ಪ್ರಾರ್ಥನೆ ಮಾಡಿ" ಎಂದು ನಮ್ಮವರನ್ನೇ ಕೇಳಿದಳು.

ಮಾಡಿದರು! ಅದೇನು ಧಾಟಿ, ಅದೇನು ಕಣ್ಣೀರು! "ಕರ್ತನೇ, ಈ ಬಡ ಮಗಳಿಗೆ ನ್ಯಾಯ ಕೊಡು. ಯಾರ ಬಾಯನ್ನಾದರೂ ತೆರೆದು ಸತ್ಯವನ್ನು ಹೊರಗೆ ತಾ!"

ಯಾರ ಬಾಯನ್ನಾದರೂ ಎಂದರಲ್ಲ, ನನಗೂ ಒಂದು ಇದೆ. ತೆರೆದೆ.

"ಬಿಸಿ ಏರಿಸಿದ್ದು ಇವರೇ."

ಪ್ರಾರ್ಥನೆ ಇಷ್ಟು ಬೇಗ ಫಲಿಸಿದ್ದನ್ನು ನಮ್ಮ ಕೂಟ ಹಿಂದೆಂದೂ ಕಂಡಿರಲಿಲ್ಲ. ಆದರೂ ಒಬ್ಬರೂ ಸ್ತೋತ್ರ ಎನ್ನಲಿಲ್ಲ. ಇಸ್ತ್ರಿಯವಳು ಕಣ್ಣು ಬಿಟ್ಟಳು. ನನ್ನ ಕಡೆ ತಿರುಗಲಿಲ್ಲ, ಅವರನ್ನೇ ನೋಡಿದಳು.

"ಹೌದಾ ಅಣ್ಣಾ?"

ಹೂಂ ಎಂದಿದ್ದರೆ ಸಾಕಿತ್ತು. ಆ ವಾರದ್ದನ್ನೆಲ್ಲ ನಾನು ಅಲ್ಲೇ ಕ್ಷಮಿಸಿಬಿಡುತ್ತಿದ್ದೆ.

"ಒಂಚೂರು ಪ್ರಾರ್ಥನೆ ಮಾಡಿ ಹೇಳ್ತೀನಮ್ಮ" ಎಂದು ಮತ್ತೆ ಕಣ್ಣು ಮುಚ್ಚಿದರು.

ಅವರು ಕಣ್ಣು ಬಿಡುವುದನ್ನು ಕಾಯದೆ ನಾನು ಅವಳ ಕೈ ಹಿಡಿದು ಮಾಲೀಕರ ಮನೆಗೆ ಹೊರಟೆ.